ಮಂಡಿಯ ಗಾದಿ ಬಿಟ್ಟು ದೋಣಿ ಹತ್ತಿದ್ದು

ಮೊದಲಿಗೇ ಒಪ್ಪಿಕೊಂಡುಬಿಡುತ್ತೇನೆ: ನನಗೆ ಈಜು ಬರುವುದಿಲ್ಲ. ಇದನ್ನು ನೀವು ನನ್ನ ಬಾಯಿಂದಲೇ ಕೇಳುವುದು ಒಳ್ಳೆಯದು. ಇಲ್ಲದಿದ್ದರೆ ಪಿ.ಜೆ. ಬಡಾವಣೆಯ ಯಾವುದಾದರೂ ಟೀ ಅಂಗಡಿಯ ಮುಂದೆ ಒಬ್ಬ ನಿಮ್ಮನ್ನು ನಿಲ್ಲಿಸಿ, "ಎಪ್ಪತ್ತೆರಡು ದಿನ ಸಮುದ್ರದ ಮ್ಯಾಲೆ ದೋಣಿಯಾಗೆ ಸಂಸಾರ ಮಾಡಿ ಬಂದಾನಂತಲ್ರಿ ಆ ಸೋಲಾರ್ ಶಿವು, ಅವನಿಗೆ ಈಜೇ ಬರಲ್ಲ" ಎಂದು ಹೇಳಿ, ಬಹಳ ತೃಪ್ತಿಯಿಂದ ಒಂದು ಗುಟುಕು ಟೀ ಕುಡಿಯುತ್ತಾನೆ. ಆ ತೃಪ್ತಿಯನ್ನು ಅವನಿಗೆ ಕೊಡುವ ಮನಸ್ಸು ನನಗಿಲ್ಲ. ಅಲ್ಲದೆ ಈ ಆಕ್ಷೇಪಣೆಯಲ್ಲಿ ತರ್ಕವೂ ಇಲ್ಲ. ಈಜು ಬರುವವನಿಗೆ ದೋಣಿ ಯಾಕೆ ಬೇಕು? ದೋಣಿಯನ್ನು ಕಂಡುಹಿಡಿದವನು ಖಂಡಿತ ನನ್ನಂಥವನೇ ಇರಬೇಕು. ಈಜು ಬಲ್ಲವರೆಲ್ಲ ಆಚೆ ದಡ ಸೇರಿ ಕೂಗಿ ಕರೆಯುತ್ತಿದ್ದಾಗ ಈಚೆ ದಡದಲ್ಲಿ ಒಬ್ಬನೇ ಉಳಿದು, ನಾಚಿಕೆಯಿಂದ ಒಂದು ಮರದ ದಿಮ್ಮಿಯನ್ನೇ ನೋಡುತ್ತಾ ನಿಂತವನು.

ನಾನು ಊರಿಗೆ ವಾಪಸು ಬಂದ ಮೇಲೆ ದಾವಣಗೆರೆಯ ಜನ ಕೇಳಿದ್ದು ಎರಡೇ ಪ್ರಶ್ನೆ. ಒಂದು, "ಎಷ್ಟು ಸಲ ವಾಂತಿ ಮಾಡ್ಕಂಡೆ?" ಎರಡು, "ಹೋಗಿದ್ರಿಂದ ಏನ್ ಸಿಕ್ತು?" ಮೊದಲನೆಯದಕ್ಕೆ ಪ್ರಾಮಾಣಿಕವಾಗಿ ಉತ್ತರ ಕೊಡುತ್ತೇನೆ. ನಲವತ್ತರವರೆಗೆ ಎಣಿಸಿದೆ. ಆಮೇಲೆ ಎಣಿಸಲು ತಲೆ ಎತ್ತಬೇಕಿತ್ತು, ಎತ್ತಲಾಗಲಿಲ್ಲ. ಎರಡನೆಯದಕ್ಕೆ ಉತ್ತರ ಕೊಡಲು ಇದನ್ನು ಬರೆಯುತ್ತಿದ್ದೇನೆ ಎಂದು ದಯವಿಟ್ಟು ತಿಳಿಯಬೇಡಿ. ಉತ್ತರ ಕೊಡುವುದಿಲ್ಲ ಎಂದು ಹೇಳಲಿಕ್ಕೇ ಬರೆಯುತ್ತಿದ್ದೇನೆ.

ನಾನು ಮನೆಗಳ ತಾರಸಿ ಮೇಲೆ ಸೋಲಾರ್ ಪ್ಯಾನೆಲ್ ಕೂಡಿಸುವವನು. ಅಂಗಡಿ ಪಿ.ಜೆ. ಬಡಾವಣೆಯಲ್ಲಿದೆ. ಅಂಗಡಿ ಎಂದರೆ ಒಂದು ಶಟರು, ಒಂದು ಏಣಿ, ನಾಲ್ಕು ಬ್ಯಾಟರಿ, ಮತ್ತು ಗಿರಾಕಿಗಳು ಬರಬಹುದೆಂಬ ನಂಬಿಕೆ. ಆದರೆ ನಮ್ಮ ಮನೆತನದ ಕಸುಬು ಇದಲ್ಲ. ನಮ್ಮದು ಮೂರು ತಲೆಮಾರಿನ ಮಂಡಿ. ಹಳ್ಳಿಗಳಿಂದ ಬರುವ ಮೆಕ್ಕೆಜೋಳ, ಶೇಂಗಾ, ಭತ್ತವನ್ನು ವ್ಯಾಪಾರಿಗಳಿಗೆ ಕುದುರಿಸಿ ಕೊಡುವುದು. ಮಂಡಿಯ ಒಳಗೆ ಬಿಳಿ ಹೊದಿಕೆಯ ಒಂದು ಗಾದಿ ಇದೆ. ಅದರ ಮೇಲೆ ಮೊದಲು ಅಜ್ಜ ಕೂರುತ್ತಿದ್ದ, ಈಗ ದೊಡ್ಡಪ್ಪ ಕೂರುತ್ತಾನೆ, ಮುಂದೆ ನಾನು ಕೂರಬೇಕು ಎನ್ನುವುದು ನಾನು ಹುಟ್ಟುವ ಮೊದಲೇ ತೀರ್ಮಾನವಾಗಿತ್ತು. ಒಂದು ವರ್ಷ ಕೂತೆ ಕೂಡ. ಅದರಷ್ಟು ಮೆತ್ತಗಿನ ಜಾಗದಲ್ಲಿ ಎಚ್ಚರವಾಗಿರುವುದು ನನ್ನಿಂದ ಸಾಧ್ಯವಾಗಲಿಲ್ಲ. ಒಂದು ಮಧ್ಯಾಹ್ನ ನಾನು ತೂಕಡಿಸುತ್ತಾ ತಲೆಯಾಡಿಸಿದ್ದನ್ನೇ ಒಪ್ಪಿಗೆ ಎಂದು ತಿಳಿದು, ಒಂದು ಲೋಡ್ ಶೇಂಗಾ ಮಾರಾಟವಾಗಿಹೋಯಿತು. ಅಂದು ದೊಡ್ಡಪ್ಪ ನನ್ನನ್ನು ಎಬ್ಬಿಸಿದ ರೀತಿಯನ್ನು ಬರೆಯಲು ಹೋಗುವುದಿಲ್ಲ. ನಾನು ಗಾದಿ ಬಿಟ್ಟು ಏಣಿ ಹತ್ತಿದ್ದು ಅವತ್ತಿನಿಂದ.

ಹೀಗಿರುವಾಗ ಒಂದು ದಿನ ಮಲ್ಪೆಯಿಂದ ಫೋನ್ ಬಂತು. ವಾಮನಣ್ಣ ಎಂಬವರು, ಹಡಗುಗಳಲ್ಲಿ ಎಂಜಿನಿಯರ್ ಆಗಿ ದುಡಿದು ನಿವೃತ್ತರಾದವರು. ಅವರದೊಂದು ಮೂವತ್ತು ಅಡಿಯ ಹಾಯಿದೋಣಿ. ಅದಕ್ಕೆ ಸೋಲಾರ್ ಹಾಕಬೇಕಿತ್ತು. ಕರಾವಳಿಯಲ್ಲಿ ಸೋಲಾರ್ ಹಾಕುವವರೇ ಇಲ್ಲವೇ ಎಂದು ಕೇಳಿದೆ. ಬ್ಯಾಟರಿ ಸುಡದಂತೆ ವೈರಿಂಗ್ ಮಾಡುವುದು ಹೇಗೆಂದು ತೋರಿಸಲು ನಾನೊಂದು ವಿಡಿಯೋ ಹಾಕಿದ್ದೆ. ಆ ವಿಡಿಯೋದ ಕೊನೆಯಲ್ಲಿ ಬ್ಯಾಟರಿ ಸುಟ್ಟುಹೋಗುತ್ತದೆ. ಅದನ್ನು ಅವರು ನೋಡಿದ್ದರಂತೆ. "ಸುಟ್ಟ ಮೇಲೂ ನೀನು ನಗ್ತಾ ಇದ್ದೆ ಅಲ್ಲ ಮಾರಾಯ, ಅದಕ್ಕೇ ಕರೆದದ್ದು" ಎಂದರು. ಹೋಗಿ ಪ್ಯಾನೆಲ್ ಹಾಕಿದೆ. ಮೂರನೆಯ ದಿನ ಅವರು, "ಮಲ್ಪೆಯಿಂದ ರತ್ನಾಗಿರಿಯವರೆಗೆ ದಡದ ಬದಿಯಲ್ಲೇ ಹೋಗಿ ಬರುದು. ಎರಡು ತಿಂಗಳು. ದೋಣಿಯಲ್ಲೇ ಊಟ, ದೋಣಿಯಲ್ಲೇ ನಿದ್ದೆ. ಜೊತೆಗೆ ಒಬ್ಬ ಬೇಕು. ಬರ್ತೀಯಾ?" ಎಂದರು. ನಾನು ಹೂಂ ಎಂದೆ. ಯಾಕೆ ಎಂದು ಕೇಳಬೇಡಿ. ದೋಣಿಯಲ್ಲಿ ಕೂರಲು ಎಲ್ಲಿಯೂ ಗಾದಿ ಇರಲಿಲ್ಲ, ಬರೀ ಹಲಗೆ. ನನಗೆ ಅದು ಇಷ್ಟವಾಗಿರಬೇಕು.

ಕೆ.ಬಿ. ಬಡಾವಣೆಯ ನಮ್ಮ ಮನೆಯಲ್ಲಿ ಈ ಸುದ್ದಿ ಹೇಳಿದಾಗ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ನಮ್ಮ ಮನೆಯಲ್ಲಿ ರೊಟ್ಟಿಯ ಸದ್ದು ನಿಂತರೆ ಅದು ಬೇರೆಯವರ ಮನೆಯಲ್ಲಿ ಪಾತ್ರೆ ಎಸೆದ ಹಾಗೆ. ಅಪ್ಪ ಯಾವತ್ತಿನಂತೆ ದೊಡ್ಡಪ್ಪನ ಮುಖ ನೋಡಿದ. ದೊಡ್ಡಪ್ಪ ಕೇಳಿದ:

"ನೀರಿನ ಮ್ಯಾಲೆ ಏನ್ ಮಾಡ್ತೀಯಲೇ ಎರಡು ತಿಂಗಳು?"

"ಇರ್ತೀನಿ."

"ಇರೋದಕ್ಕೆ ಮನೆ ಐತಲ್ಲ."

"ಮನೆ ಮುಂದಕ್ಕೆ ಹೋಗಲ್ಲಲ್ಲ ದೊಡ್ಡಪ್ಪ."

ದೊಡ್ಡಪ್ಪ ಸಿಟ್ಟಾಗಲಿಲ್ಲ. ಅವನು ವ್ಯಾಪಾರಸ್ಥ, ಸಿಟ್ಟಿನ ಬದಲು ಷರತ್ತು ಹಾಕುತ್ತಾನೆ. "ಸರಿ, ಹೋಗು. ಪೂರಾ ಮುಗಿಸ್ಕೊಂಡು ಬಂದ್ಯೋ, ನಿನ್ ಅಂಗಡಿ ನಿಂದು, ನಿನ್ ಏಣಿ ನಿಂದು, ಇನ್ಮ್ಯಾಲೆ ನಾನು ಮಂಡಿ ಸುದ್ದಿ ಎತ್ತಲ್ಲ. ನಡುವೆ ಇಳಿದು ಬಂದ್ಯೋ, ಮಾರನೇ ದಿನದಿಂದ ಗಾದಿ ಮ್ಯಾಲೆ ಕೂಡ್ಬೇಕು. ಎದ್ದೇಳಂಗಿಲ್ಲ." ನಾನು ಒಪ್ಪಿದೆ. ಮನುಷ್ಯ ತನ್ನ ಇಡೀ ಬದುಕನ್ನು ಒಂದು ಜಠರದ ಮೇಲೆ ಪಣಕ್ಕಿಟ್ಟ ಉದಾಹರಣೆ ಇನ್ನೊಂದಿದ್ದರೆ ನನಗೆ ತಿಳಿಸಿ.

ತಯಾರಿ ಬೇಕಲ್ಲ. ನಮಗೆ ನೀರೆಂದರೆ ಹರಿಹರದ ಹೊಳೆ. ಹರಿಗೋಲು ನಡೆಸುವ ಹನುಮಂತಪ್ಪ ಎಂಬವನನ್ನು ಹಿಡಿದು, ತುಂಗಭದ್ರೆಯ ಮೇಲೆ ನನಗೆ ಸಮುದ್ರದ ಅಭ್ಯಾಸ ಮಾಡಿಸಬೇಕೆಂದು ಕೇಳಿಕೊಂಡೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸಮುದ್ರದ ಮಾತು ಆಮ್ಯಾಲೆ, ಮೊದ್ಲು ಕುಂಡಿ ಕೆಳಗಿಡು, ನಿಂತ್ಕಬ್ಯಾಡ" ಎಂದ. ಹರಿಗೋಲು ಎಂದರೆ ಬುಟ್ಟಿ. ಬುಟ್ಟಿಗೆ ಮುಂದು ಹಿಂದು ಇಲ್ಲ, ಅದು ಸುತ್ತುತ್ತದೆ. ನಾನು ಹಡಗಿನ ನಾಯಕನಂತೆ ದೂರವನ್ನೇ ನೋಡುತ್ತಾ ನಿಂತಿದ್ದೆ. ದೂರವೇ ನನ್ನ ಸುತ್ತ ಗಿರಗಿರನೆ ತಿರುಗಿತು. ಮೊದಲನೆಯ ವಾಂತಿ ಅಲ್ಲೇ, ಮೊಳಕಾಲುದ್ದದ ನೀರಿನಲ್ಲಿ, ಬಟ್ಟೆ ಒಗೆಯುತ್ತಿದ್ದ ಹೆಂಗಸರ ಕಣ್ಣೆದುರೇ ಆಯಿತು.

ದಡದಲ್ಲಿ ಮಲಗಿ ಸುಧಾರಿಸಿಕೊಳ್ಳುವಾಗ ನನಗೊಂದು ವಿಚಾರ ಹೊಳೆಯಿತು. ನಮ್ಮ ಈ ಹೊಳೆ ಹುಟ್ಟುವುದು ಪಶ್ಚಿಮ ಘಟ್ಟದಲ್ಲಿ. ಆ ಬೆಟ್ಟಗಳ ನೆತ್ತಿಯಿಂದ ಅರಬ್ಬೀ ಸಮುದ್ರ ಎಷ್ಟೂ ದೂರವಿಲ್ಲ. ನೀರು ಪಡುವಣಕ್ಕೆ ಸುಮ್ಮನೆ ಜಾರಿಬಿಟ್ಟಿದ್ದರೆ ಒಂದೇ ದಿನದಲ್ಲಿ ಸಮುದ್ರ ಸೇರುತ್ತಿತ್ತು. ಹಾಗೆ ಮಾಡದೆ ಮುಖ ತಿರುಗಿಸಿ, ಹರಿಹರ ದಾಟಿ, ಹಂಪಿ ದಾಟಿ, ಕೃಷ್ಣೆಯೊಳಗೆ ಸೇರಿ, ಇಡೀ ನಾಡನ್ನೇ ಅಡ್ಡ ಹಾಯ್ದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅಂದರೆ ಬಯಲುಸೀಮೆಯಲ್ಲಿ ನೀರು ಕೂಡ ಪಡುವಣ ಸಮುದ್ರದ ಸಹವಾಸ ಬೇಡವೆನ್ನುತ್ತದೆ. ನಮ್ಮ ಹೊಳೆಯೇ ಧೈರ್ಯ ಮಾಡದ್ದನ್ನು ನಾನು ಮಾಡಲು ಹೊರಟಿದ್ದೇನೆ ಎಂದುಕೊಂಡು ಎದ್ದು ಕೂತೆ. ಹನುಮಂತಪ್ಪ, "ಇನ್ನೊಂದು ರೌಂಡ್ ಹೋಗಾಣೇನು?" ಎಂದ. ಮತ್ತೆ ಮಲಗಿದೆ.

ಸಾಮಾನು ಸಾಗಿಸುವಾಗ ಮಾಡಿದ ತಪ್ಪನ್ನು ದಾವಣಗೆರೆಯವನಲ್ಲದೆ ಬೇರೆ ಯಾರೂ ಮಾಡಲಾರರು. ದೋಣಿಗೆ ಹಗುರವಾದ ಸಾಮಾನು ಮಾತ್ರ ತರಬೇಕೆಂದು ವಾಮನಣ್ಣ ಹೇಳಿದ್ದರು. ಹಗುರವಾದದ್ದು, ಕೆಡದೇ ಇರುವುದು, ಹೊಟ್ಟೆ ತುಂಬಿಸುವುದು ಎಂದರೆ ನಮ್ಮೂರಲ್ಲಿ ಯೋಚಿಸುವ ಅಗತ್ಯವೇ ಇಲ್ಲ. ಭಟ್ಟಿಗೆ ಹೋಗಿ ಎರಡು ದೊಡ್ಡ ಚೀಲ ಮಂಡಕ್ಕಿ ತಂದೆ. ಗಾತ್ರದಲ್ಲಿ ಎಮ್ಮೆ, ತೂಕದಲ್ಲಿ ಬೆಕ್ಕು. ದೋಣಿಯ ಮುಂಭಾಗದ ಕೋಣೆಯಲ್ಲಿ ಅವನ್ನು ತುರುಕಿದ ಮೇಲೆ ವಾಮನಣ್ಣನ ಹಾಸಿಗೆಯೇ ಕಾಣದಾಯಿತು.

"ಎಂತದು ಮಾರಾಯ, ಚೀಲದಲ್ಲಿ ಗಾಳಿ ತುಂಬಿಸಿ ತಂದದ್ದಾ?"

"ತಿನ್ರಿ ವಾಮನಣ್ಣ, ಆಮ್ಯಾಲೆ ಹೇಳ್ರಿ."

ಮೂರನೆಯ ದಿನ ಚೀಲ ಬಿಚ್ಚಿ ಒಂದು ಹಿಡಿ ಬಾಯಿಗೆ ಹಾಕಿಕೊಂಡೆ. ಕುರುಕುರು ಎನ್ನಲಿಲ್ಲ. ಸಮುದ್ರದ ಗಾಳಿ ನನ್ನ ಎರಡು ತಿಂಗಳ ಆಹಾರವನ್ನು ಮೆತ್ತಗೆ ಮಾಡಿ, ಅದಕ್ಕೆ ಉಪ್ಪನ್ನೂ ಹಾಕಿಟ್ಟಿತ್ತು. ವಾಮನಣ್ಣ ಮೀನು ಹುರಿಯುತ್ತಾ ನನ್ನನ್ನು ಕರುಣೆಯಿಂದ ನೋಡಿದರು. ನನಗೆ ರೋಷ ಬಂತು. ನಮ್ಮ ಮನೆಗಳಲ್ಲಿ ಒಗ್ಗರಣೆ ಹಾಕುವ ಮೊದಲು ಮಂಡಕ್ಕಿಯನ್ನು ನೀರಿನಲ್ಲಿ ನೆನೆಸಿ ಹಿಂಡುತ್ತಾರೆ. ಆ ಅರ್ಧ ಕೆಲಸವನ್ನು ಸಮುದ್ರ ಪುಕ್ಕಟೆ ಮಾಡಿಕೊಟ್ಟಿದೆಯಲ್ಲ. ಈರುಳ್ಳಿ, ಹಸಿಮೆಣಸಿನಕಾಯಿ, ಪುಟಾಣಿ ಪುಡಿ ಹಾಕಿ ಒಗ್ಗರಣೆ ಮಾಡಿದೆ. ವಾಮನಣ್ಣ ಎರಡು ಸಲ ಹಾಕಿಸಿಕೊಂಡರು. ನಾನೂ ಎರಡು ಸಲ ಹಾಕಿಕೊಂಡೆ, ಆದರೆ ನನ್ನದು ಒಳಗೆ ಉಳಿಯಲಿಲ್ಲ.

ದೋಣಿಯಲ್ಲಿ ವಾಸ ಮಾಡುವುದೆಂದರೆ ಹೇಗೆ ಎಂದು ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ನಮ್ಮ ಮನೆಯ ದೇವರ ಕೋಣೆಯಷ್ಟು ಜಾಗದಲ್ಲಿ ಇಬ್ಬರು ಗಂಡಸರು, ಒಂದು ಒಲೆ, ಒಂದು ಎಂಜಿನ್. ಒಲೆಯನ್ನು ತೊಟ್ಟಿಲಿನಂತೆ ತೂಗುಹಾಕಿರುತ್ತಾರೆ; ದೋಣಿ ಎತ್ತ ವಾಲಿದರೂ ಒಲೆ ಮಾತ್ರ ನೆಟ್ಟಗಿರುತ್ತದೆ. ಅದರ ಮೇಲೆ ಕೂರುವ ಭಾಗ್ಯ ಸಾರಿಗಿದೆ, ನನಗಿಲ್ಲ. ಸ್ನಾನ ಸಮುದ್ರದ ನೀರಿನಲ್ಲಿ, ಅದರಲ್ಲಿ ಸೋಪು ನೊರೆ ಬರುವುದಿಲ್ಲ. ಒಂದು ವಾರದಲ್ಲಿ ನನ್ನ ಕೂದಲು ಕಾಲೊರಸುವ ನಾರಿನ ಹಾಗಾಯಿತು. ಬೆಳಗಿನ ಜಾವ ದಡದ ಕಡೆಯಿಂದ ಗಾಳಿ ಬೀಸುತ್ತದೆ, ಆಗ ಹೊರಡಬೇಕು. ಮಧ್ಯಾಹ್ನ ಅದು ಎದುರಿನಿಂದ ಬೀಸಲು ಶುರುವಾಗುತ್ತದೆ, ಅಷ್ಟರೊಳಗೆ ಯಾವುದಾದರೂ ನದಿಯ ಬಾಯಿ ಹುಡುಕಿ ಲಂಗರು ಹಾಕಬೇಕು. ಈ ಗಾಳಿ ಹೊತ್ತಿಗೆ ಸರಿಯಾಗಿ ಡ್ಯೂಟಿ ಬದಲಿಸುವುದನ್ನು ನೋಡಿ ನನಗೆ ಗೌರವ ಬಂತು. ನನ್ನ ಅಂಗಡಿಯ ಶಟರು ಎಂದೂ ಹೇಳಿದ ಹೊತ್ತಿಗೆ ತೆರೆದದ್ದಿಲ್ಲ.

ಹನ್ನೊಂದನೆಯ ದಿನ ತದಡಿಗೆ ಬಂದೆವು. ಅಂದು ಲಂಗರಿನ ಬದಲು ಧಕ್ಕೆಯ, ಅಂದರೆ ದೋಣಿ ನಿಲ್ಲಿಸುವ ಕಟ್ಟೆಯ, ಕಂಬಕ್ಕೇ ದೋಣಿ ಕಟ್ಟುವುದಿತ್ತು. ಹತ್ತು ದಿನ ಹೊಟ್ಟೆ ಹಿಡಿದು ಮಲಗಿದ್ದಕ್ಕೆ ಪ್ರಾಯಶ್ಚಿತ್ತವಾಗಲೆಂದು, ಕಟ್ಟುವ ಕೆಲಸ ನಾನೇ ಮಾಡುತ್ತೇನೆಂದೆ. ಕಟ್ಟುವುದನ್ನು ಮಂಡಿಯವನಿಗೆ ಹೇಳಿಕೊಡಬೇಕೇ? ಕಾಲೊತ್ತಿ, ಹಗ್ಗವನ್ನು ಎಳೆದೆಳೆದು, ಒಂದು ಬೆರಳು ಸಹ ತೂರದ ಹಾಗೆ ಬಿಗಿದೆ. ಊಟ ಮಾಡಿ ಇಬ್ಬರೂ ಮಲಗಿದೆವು. ನೋಡಿ, ನಮ್ಮ ಕಡೆ ಹೊಳೆ ಒಂದು ಸಲ ಇಳಿಯಿತೆಂದರೆ ಮತ್ತೆ ಏರುವುದು ಮುಂದಿನ ಮಳೆಗಾಲಕ್ಕೆ. ದಿನಕ್ಕೆ ಎರಡೆರಡು ಸಲ ಏರಿ ಇಳಿಯುವ ಚಾಳಿ ನೀರಿಗೆ ಇರುತ್ತದೆಂದು ನಾನು ಪುಸ್ತಕದಲ್ಲಿ ಓದಿದ್ದೆ, ನಂಬಿರಲಿಲ್ಲ. ಎರಡು ಗಂಟೆಯಲ್ಲಿ ನೀರು ಇಳಿಯಿತು, ನನ್ನ ಗಂಟುಗಳು ಇಳಿಯಲಿಲ್ಲ. ದೋಣಿ ಕಂಬಕ್ಕೆ ನೇತುಬಿದ್ದು ಒಂದು ಮಗ್ಗುಲಿಗೆ ವಾಲಿತು. ನಾನು ವಾಮನಣ್ಣನ ಮೇಲೆ ಬಿದ್ದೆ, ನನ್ನ ಮೇಲೆ ಮಂಡಕ್ಕಿ ಬಿತ್ತು, ಮತ್ತು ಅವರ ಕನ್ನಡಕ ಯಾರ ಮೇಲೂ ಬೀಳದೆ ಕಿಟಕಿಯಿಂದ ಸೀದಾ ನೀರಿಗೆ ಹೋಯಿತು.

ವಾಮನಣ್ಣ ಚಾಕುವಿನಿಂದ ಹಗ್ಗ ಕೊಯ್ದರು. ದೋಣಿ ನೆಟ್ಟಗಾಯಿತು. ಅವರು ಬೈಯಲಿಲ್ಲ. ಕೂತು, ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡರು, ಅಷ್ಟೇ. ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ದೊಡ್ಡಪ್ಪನ ಕೈಕೆಳಗೆ ಬೆಳೆದವನು ನಾನು. ಬೈಯದೆ ಕೂತದ್ದು ನನ್ನನ್ನು ಮುರಿಯಿತು. ಧಕ್ಕೆಯ ಆಚೆ ಹೋಗಿ, ಬಲೆ ಒಣಹಾಕಿದ್ದ ಜಾಗದಲ್ಲಿ ನಿಂತು ಮನೆಗೆ ಫೋನ್ ಮಾಡಿದೆ.

"ಅವ್ವಾ, ನನ್ ಕೈಲಿ ಆಗಲ್ಲ. ದೋಣಿ ಕಾರವಾರಕ್ಕೆ ಹೋಗ್ತೈತೆ, ಅಲ್ಲಿಂದ ಕರ್ಕೊಂಡು ಹೋಗ್ರಿ."

ಇದನ್ನು ಬರೆಯುವಾಗಲೂ ನನಗೆ ಕಿವಿ ಬಿಸಿಯಾಗುತ್ತಿದೆ. ಆ ಕಡೆ ಅವ್ವ, "ನಾಡಿದ್ದು ಕಾರವಾರಕ್ಕೆ ಬರ್ತೀವಿ, ಅಲ್ಲೀತನಕ ಎಲ್ಲಾದ್ರೂ ಗಟ್ಟಿಯಾಗಿ ಹಿಡ್ಕೊಂಡು ಕೂಡು ನನ್ನಪ್ಪ" ಎಂದಳು. ಹಿಂದಿನಿಂದ ದೊಡ್ಡಪ್ಪ ಕೆಮ್ಮಿದ್ದು ಕೇಳಿಸಿತು. ಆ ಕೆಮ್ಮಿನಲ್ಲಿ ಬಿಳಿ ಹೊದಿಕೆಯ ಗಾದಿ ನನಗೆ ಪೂರ್ತಿ ಕಂಡಿತು.

ಮಾರನೆಯ ಬೆಳಿಗ್ಗೆ ಹೊರಡುವಾಗ ವಾಮನಣ್ಣ, "ನನಗೆ ದೂರದ್ದು ಕಾಣುದಿಲ್ಲ. ಹೊಸ ಕನ್ನಡಕ ಕಾರವಾರದಲ್ಲೇ ಆಗಬೇಕು. ಅಲ್ಲಿವರೆಗೆ ಚುಕ್ಕಾಣಿ ನೀನು ಹಿಡಿ" ಎಂದರು. ನಾನೇ ಮಾಡಿದ ಅನಾಹುತ, ಬೇಡವೆನ್ನಲು ಬಾಯಿ ಇರಲಿಲ್ಲ. ಹಿಡಿದೆ. ಇಲ್ಲೊಂದು ವಿಷಯ ನಿಮಗೆ ಹೇಳಬೇಕು. ನಮ್ಮ ದೋಣಿಯ ಚುಕ್ಕಾಣಿ ಎಂದರೆ ಒಂದು ಉದ್ದನೆಯ ಮರದ ಹಿಡಿಕೆ. ದೋಣಿ ಎಡಕ್ಕೆ ಹೋಗಬೇಕಾದರೆ ಅದನ್ನು ಬಲಕ್ಕೆ ತಳ್ಳಬೇಕು. ಬಲಕ್ಕೆ ಹೋಗಬೇಕಾದರೆ ಎಡಕ್ಕೆ. ಬುದ್ಧಿವಂತರಾದವರು ಇದನ್ನು ಕಲಿಯಲು ಒಂದು ವಾರ ಒದ್ದಾಡುತ್ತಾರಂತೆ. ನನಗೆ ಐದು ನಿಮಿಷವೂ ಬೇಕಾಗಲಿಲ್ಲ. ಹೇಳಿದ್ದಕ್ಕೆ ಉಲ್ಟಾ ಮಾಡುವುದು ನನ್ನ ಹುಟ್ಟುಗುಣ. ಇಪ್ಪತ್ತಾರು ವರ್ಷ ಅದಕ್ಕಾಗಿ ಮನೆಯಲ್ಲಿ, ಶಾಲೆಯಲ್ಲಿ, ಮಂಡಿಯಲ್ಲಿ ಬೈಸಿಕೊಂಡಿದ್ದೆ. ಅದನ್ನೇ ಜಾಣತನ ಎಂದು ಕರೆಯುವ ಜಾಗವೊಂದು ಭೂಮಿಯ ಮೇಲೆ ಇಲ್ಲ. ನೀರಿನ ಮೇಲೆ ಇತ್ತು.

ದಡದ ಗಾಳಿ ಹಾಯಿಗೆ ತುಂಬಿತು. ಎಂಜಿನ್ ನಿಲ್ಲಿಸಿದರು. ನಾನು ತಳ್ಳಿದ ಕಡೆಗೆ, ಅಂದರೆ ನಾನು ತಳ್ಳಿದ್ದಕ್ಕೆ ವಿರುದ್ಧವಾದ ಕಡೆಗೆ, ಇಡೀ ದೋಣಿ ಸದ್ದಿಲ್ಲದೆ ತಿರುಗಿತು. ನನ್ನ ಮಾತನ್ನು ಬ್ಯಾಟರಿ ಕೇಳುವುದಿಲ್ಲ, ಗಿರಾಕಿ ಕೇಳುವುದಿಲ್ಲ, ನಮ್ಮ ಬೀದಿಯ ನಾಯಿ ಸಹ ಕೇಳುವುದಿಲ್ಲ. ಇದು ಕೇಳಿತು. ನಾಲ್ಕು ಗಂಟೆ ಹೊತ್ತು ಹಿಡಿಕೆ ಬಿಡಲಿಲ್ಲ. ಲಂಗರು ಹಾಕುವ ಹೊತ್ತಿಗೆ ನೆನಪಾಯಿತು, ಅಂದು ಒಂದು ಸಲವೂ ವಾಂತಿ ಆಗಿರಲಿಲ್ಲ. "ಹಿಡಿದವನಿಗೆ ಆಗುದಿಲ್ಲ, ಸುಮ್ಮನೆ ಕೂತವನಿಗೆ ಆಗುದು" ಎಂದರು ವಾಮನಣ್ಣ, ಮೊದಲೇ ಗೊತ್ತಿದ್ದವರ ಹಾಗೆ. ಹತ್ತು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನೀನು ಎದ್ದು ಕೂತಿದ್ದರೆ ಹೇಳ್ತಿದ್ದೆ."

ಆ ಮಧ್ಯಾಹ್ನ ಮನೆಗೆ ಫೋನ್ ಮಾಡಿ ಬರಬೇಡಿ ಎನ್ನಬಹುದಿತ್ತು. ಮಾಡಿದೆ. ಅವ್ವ ಎತ್ತಿ, "ಸುಮ್ನಿರು, ರೊಟ್ಟಿ ಕಟ್ಟಾಗೈತೆ" ಎಂದು ಇಟ್ಟಳು. ನಮ್ಮ ಮನೆಯಲ್ಲಿ ಬುತ್ತಿ ಕಟ್ಟಿದ ಮೇಲೆ ಪ್ರಯಾಣ ರದ್ದಾದ ದಾಖಲೆ ಇಲ್ಲ.

ಕಾರವಾರದ ಧಕ್ಕೆಗೆ ನಾವು ಮುಟ್ಟುವಾಗಲೇ ಅವರು ನಿಂತಿದ್ದರು. ಅವ್ವನ ಕೈಯಲ್ಲಿ ಬುತ್ತಿ, ದೊಡ್ಡಪ್ಪನ ಹೆಗಲ ಮೇಲೆ ಟವೆಲ್. ನಾನು ಹಗ್ಗವನ್ನು ಸಡಿಲವಾಗಿ ಕಟ್ಟಿ, ದೋಣಿಯ ಒಳಗೇ ನಿಂತೆ. ಧಕ್ಕೆಯ ಮೇಲೆ ಕಾಲಿಟ್ಟರೆ ಅವ್ವ ಕೈ ಹಿಡಿಯುತ್ತಾಳೆ, ಅವಳು ಹಿಡಿದರೆ ನಾನು ಬಿಡಿಸಿಕೊಳ್ಳಲಾರೆ ಎಂಬುದು ನನಗೆ ಗೊತ್ತಿತ್ತು.

"ಇಳಿಯೋ ಶಿವೂ. ಎಷ್ಟು ಸೊರಗೀಯ ನೋಡು, ಕೆನ್ನೆ ಒಳಗೆ ಹೋಗ್ಯಾವೆ."

"ಬರಲ್ಲವ್ವ."

"ಮತ್ತೆ ಅತ್ಕಂಡು ಫೋನ್ ಮಾಡಿದ್ದು ಯಾರು?"

"ನಾನೇ."

"ಈಗ ಬರಲ್ಲ ಅನ್ನೋದು?"

"ಅದೂ ನಾನೇ."

ಅವ್ವ ಧಕ್ಕೆಯ ಕಟ್ಟೆಯ ಮೇಲೆ ಕೂತುಬಿಟ್ಟಳು. ದೊಡ್ಡಪ್ಪ ಚಪ್ಪಲಿಯನ್ನು ಧಕ್ಕೆಯ ಮೇಲೆ ಬಿಟ್ಟು, ಪಂಚೆ ಎತ್ತಿ ಕಟ್ಟಿ, ದೋಣಿಯೊಳಗೆ ಇಳಿದ. ವಾಮನಣ್ಣ, "ಬನ್ನಿ ಬನ್ನಿ, ಕೂತುಕೊಳ್ಳಿ" ಎಂದರು. ಅವನು ಕೂರಲಿಲ್ಲ. ಚೀಲಕ್ಕೆ ಕೈ ಹಾಕಿ ಕಾಳು ನೋಡುವವನ ಹಾಗೆ ದೋಣಿಯನ್ನು ನೋಡಲು ಶುರುಮಾಡಿದ. ಹಲಗೆ ತಟ್ಟಿದ, ಹಗ್ಗ ಎಳೆದ, ಪ್ಯಾನೆಲ್ಲಿನ ವೈರುಗಳನ್ನು ಬಗ್ಗಿ ನೋಡಿ, "ಇದು ಇವನು ಮಾಡಿದ್ದೇನ್ರಿ?" ಎಂದು ಕೇಳಿದ. "ಹೌದು. ಇನ್ನೂ ಸುಟ್ಟಿಲ್ಲ" ಎಂದರು ವಾಮನಣ್ಣ. ಆಮೇಲೆ ದೊಡ್ಡಪ್ಪ ನನ್ನ ಎದುರಿನ ಹಲಗೆಯ ಮೇಲೆ ಕೂತು, "ಇನ್ನಾ ಎಷ್ಟು ದಿನದ್ದು ಐತ್ರಿ?" ಎಂದ. "ಐವತ್ತು" ಎಂದರು ಅವರು.

ದೊಡ್ಡಪ್ಪ ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಬಲಗೈ ಮೇಲೆ ಹಾಸಿ, ಅದರೊಳಗೆ ತನ್ನ ಕೈ ತೂರಿಸಿದ.

ನೀವು ಮಂಡಿ ನೋಡದವರಾದರೆ ಇದು ನಿಮಗೆ ವಿಚಿತ್ರವೆನಿಸಬಹುದು. ಹಳೆಯ ವ್ಯಾಪಾರಸ್ಥರು ದರವನ್ನು ಬಾಯಲ್ಲಿ ಹೇಳುವುದಿಲ್ಲ. ಸುತ್ತ ಜನ ನಿಂತಿರುತ್ತಾರೆ, ಯಾರಿಗೂ ತಿಳಿಯಬಾರದು. ಅದಕ್ಕೇ ಟವೆಲ್ಲಿನ ಮರೆಯಲ್ಲಿ ಎದುರಿನವನ ಬೆರಳು ಹಿಡಿಯುತ್ತಾರೆ. ಎರಡು ಬೆರಳು ಹಿಡಿದರೆ ಎರಡು, ಇಡೀ ಅಂಗೈ ಹಿಡಿದರೆ ಐದು. ಅದು ಹತ್ತರ ಲೆಕ್ಕವೋ ನೂರರದ್ದೋ ಎಂಬುದು ಇಬ್ಬರಿಗೂ ಗೊತ್ತಿರುತ್ತದೆ. ಮೇಲೆ ಮಳೆ, ಬೆಳೆ, ಮದುವೆಯ ಮಾತು ನಡೆಯುತ್ತಿರುತ್ತದೆ. ಕೆಳಗೆ ವ್ಯಾಪಾರ ಮುಗಿದಿರುತ್ತದೆ. ಗಾದಿಯ ಮೇಲೆ ನಾನು ಕಲಿತ ಏಕೈಕ ವಿದ್ಯೆ ಇದು.

ದೊಡ್ಡಪ್ಪ ನನ್ನ ಎರಡು ಬೆರಳು ಹಿಡಿದ. ಅಂದರೆ, ಇಪ್ಪತ್ತು ದಿನ ಇರು, ಆಮೇಲೆ ಬಾ. ನಾನು ಅವನ ಇಡೀ ಅಂಗೈ ಹಿಡಿದೆ.

"ಕಾರವಾರದಾಗೆ ಬಿಸ್ಲು ಭಾಳ ಐತಪ್ಪ" ಎಂದ ಬಾಯಲ್ಲಿ. ಕೆಳಗೆ ಮೂರು ಬೆರಳು.

ನಾನು ಮತ್ತೆ ಅಂಗೈ. ಅವನು ನಾಲ್ಕು. ನಾನು ಅಂಗೈ. ಮಂಡಿಯಲ್ಲಿ ಹೀಗೆ ಮಾಡುವಂತಿಲ್ಲ. ಅವನು ಮೇಲೆ ಬಂದರೆ ನಾನು ಒಂದಿಷ್ಟು ಕೆಳಗೆ ಬರಬೇಕು, ಅದು ಮರ್ಯಾದೆ. ನಾನು ಮರ್ಯಾದೆ ಬಿಟ್ಟು ಹಿಡಿದುಕೊಂಡೇ ಕೂತೆ. ಆಗ ನನಗೆ ಇನ್ನೊಂದು ವಿಷಯ ತಿಳಿಯಿತು. ಪಕ್ಕದಲ್ಲೊಂದು ಮೀನಿನ ದೋಣಿ ಹಾದುಹೋಗಿ ನಮ್ಮದು ತೂಗಿತು, ದೊಡ್ಡಪ್ಪನ ಕೈ ಟವೆಲ್ಲಿನೊಳಗೆ ಬೆವರಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿಯಿತು. ಅದರಲ್ಲಿ ಲೆಕ್ಕವಿರಲಿಲ್ಲ. ಮುಖ ಮಾತ್ರ ಗಾದಿಯ ಮೇಲಿನ ಮುಖವೇ. ಅವನಿಗೂ ಈಜು ಬರುವುದಿಲ್ಲ.

ಧಕ್ಕೆಯ ಮೇಲಿಂದ ಅವ್ವ ಕೇಳಿದಳು: "ಟವೆಲ್ಲಿನಾಗೆ ಏನ್ ನಡ್ಸೀರಿ ಭಾವಾರೆ? ನನ್ ಮಗನ್ನ ಮಾರಾಟಕ್ಕಿಟ್ಟೀರೇನು?"

ದೊಡ್ಡಪ್ಪ ನಿಧಾನವಾಗಿ ನನ್ನ ಇಡೀ ಅಂಗೈ ಹಿಡಿದ. ಐದು. ಅಲ್ಲಿಗೆ ಮುಗಿಯಿತೆಂದುಕೊಂಡು ನಾನು ಕೈ ಎಳೆಯಲು ಹೋದರೆ ಬಿಡದೆ, ಹೆಬ್ಬೆರಳನ್ನು ಒಂಟಿಯಾಗಿ ಇನ್ನೊಂದು ಸಲ ಒತ್ತಿದ. ಆರು. ಹತ್ತು ದಿನ ಹೆಚ್ಚು. ಅಳೆದು ಕೊಟ್ಟ ಮೇಲೆ ಮೇಲೊಂದು ಹಿಡಿ ಹಾಕುವುದಕ್ಕೆ ನಮ್ಮಲ್ಲಿ ಕೊಸರು ಎನ್ನುತ್ತಾರೆ. ಗಾಳಿ ಬೀಸದೇ ಇರಬಹುದು, ಎಂಜಿನ್ ಕೈ ಕೊಡಬಹುದು, ಗಡಿಬಿಡಿ ಮಾಡಿಕೊಂಡು ಬರಬೇಡ ಎಂದು ಬಾಯಿಬಿಟ್ಟು ಹೇಳಿದ್ದರೆ ನಾನು ಅಲ್ಲೇ ಅತ್ತುಬಿಡುತ್ತಿದ್ದೆನೋ ಏನೋ. ಹೇಳಲಿಲ್ಲ, ಒಳ್ಳೆಯದಾಯಿತು.

ಅವನು ಎದ್ದು, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಅವ್ವನಿಗೆ, "ಇವನು ಬರಂಗಿಲ್ಲ ಗಿರಿಜಮ್ಮ. ಬುತ್ತಿ ಕೊಟ್ಟು ಹೋಗಾಣ" ಎಂದ. ಧಕ್ಕೆ ಹತ್ತಿ ಚಪ್ಪಲಿ ಮೆಟ್ಟಿಕೊಂಡ ಮೇಲೆ, ಲೈಟ್ ಕಂಬವೊಂದರ ಹಿಂದೆ ಸ್ವಲ್ಪ ಹೊತ್ತು ಬಗ್ಗಿ ನಿಂತಿದ್ದ. ಏನು ಮಾಡುತ್ತಿದ್ದ ಎಂಬುದನ್ನು ನಾನು ನೋಡಲಿಲ್ಲ. ಎಣಿಸಲೂ ಇಲ್ಲ.

ರತ್ನಾಗಿರಿ ಮುಟ್ಟಿದೆವು. ಬರುವಾಗ ದೇವಗಡದಲ್ಲಿ ಎಂಜಿನ್ನಿನ ಒಂದು ಬಿಡಿಭಾಗಕ್ಕಾಗಿ ಕಾದು ಕೂತದ್ದು ಸರಿಯಾಗಿ ಒಂಬತ್ತು ದಿನ. ಮಲ್ಪೆಯಲ್ಲಿ ಇಳಿದಾಗ ನೆಲ ತೂಗುತ್ತಿತ್ತು. ಊರಿಗೆ ಬಂದ ಮೇಲೂ ಮೂರು ದಿನ ಕೆ.ಬಿ. ಬಡಾವಣೆ ತೂಗಿತು. ಅಂಗಡಿ ನನ್ನದಾಗಿಯೇ ಉಳಿಯಿತು. ಒಂದು ದಿನ ಏನೋ ಕೆಲಸಕ್ಕೆ ಮಂಡಿಗೆ ಹೋಗಿದ್ದೆ. ಹಳೆಯ ವ್ಯಾಪಾರಿಯೊಬ್ಬ ನನ್ನೆದುರೇ ದೊಡ್ಡಪ್ಪನಿಗೆ, "ಅಲ್ರಿ ಸಾವ್ಕಾರ್ರೆ, ಈ ಹುಡುಗ ಅಲ್ಲಿಗೆ ಹೋಗಿ ಏನ್ ತಂದ?" ಎಂದ.

"ನೀ ಹೋಗಿದ್ಯೇನು?"

"ಇಲ್ಲ."

"ದೋಣಿ ಹತ್ತೀಯೇನು?"

"ಎಲ್ಲೀದ್ರಿ."

"ನಾನು ಹತ್ತೀನಿ. ಸುಮ್ನೆ ಕೂಡು."

ನಾನು ಕೊಡುವುದಿಲ್ಲ ಎಂದಿದ್ದ ಉತ್ತರ ಇದೇ. ನನಗಿಂತ ಚೆನ್ನಾಗಿ ಅವನು ಕೊಡದೇ ಇದ್ದ.

ಇಷ್ಟಕ್ಕೇ ಮುಗಿದಿದ್ದರೆ ನಾನು ಗೆದ್ದವನಾಗಿ ಆರಾಮವಾಗಿ ಇರುತ್ತಿದ್ದೆ. ಆದರೆ ಈ ಸಲ ಮಳೆಗಾಲ ಮುಗಿಯುತ್ತಿದ್ದಂತೆ ವಾಮನಣ್ಣ ಮತ್ತೆ ಫೋನ್ ಮಾಡಿದರು. ಈಗ ದಕ್ಷಿಣಕ್ಕೆ, ಕನ್ಯಾಕುಮಾರಿಯವರೆಗೆ, ನಾಲ್ಕು ತಿಂಗಳು. ನಾನು ಜಗಳಕ್ಕೆ ಬೇಕಾದ ಮಾತುಗಳನ್ನೆಲ್ಲ ಸಿದ್ಧ ಮಾಡಿಕೊಂಡು, ತೋಳು ಮಡಚಿಕೊಂಡೇ ಮನೆಗೆ ಹೋದೆ. ಅವ್ವ, "ರೊಟ್ಟಿ ಎಷ್ಟು ಮಾಡ್ಲಿ?" ಎಂದಳು. ದೊಡ್ಡಪ್ಪ, "ಹೋಗಿ ಬಾ" ಎಂದು ಪೇಪರ್ ಮಗುಚಿದ. ಷರತ್ತು ಎಂದೆ. "ಎಂಥ ಷರತ್ತು? ನಿನ್ ದಾರಿ ನಿಂದು" ಎಂದ. ಮೆಟ್ಟಿಲಿದೆ ಎಂದುಕೊಂಡು ಕಾಲಿಟ್ಟಾಗ ಮೆಟ್ಟಿಲಿಲ್ಲದಿದ್ದರೆ ಆಗುತ್ತದಲ್ಲ, ಹಾಗಾಯಿತು.

ಹೋದ ಸಲ ನಡುವೆ ಇಳಿದಿದ್ದರೆ ನನಗಾಗಿ ಗಾದಿ ಕಾದಿತ್ತು, ಊರು ನಗಲು ಕಾದಿತ್ತು. ಈ ಸಲ ಕೊಚ್ಚಿಯಲ್ಲಿ ಇಳಿದು ಬಸ್ಸು ಹತ್ತಿ ಬಂದರೆ ಯಾರೂ ಏನೂ ಅನ್ನುವುದಿಲ್ಲ. ಬಿಸಿ ರೊಟ್ಟಿ ಹಾಕುತ್ತಾರೆ. ಇಷ್ಟು ಭಯಂಕರವಾದ ಪರಿಸ್ಥಿತಿಯಲ್ಲಿ ನಾನು ಎಂದೂ ಪ್ರಯಾಣಕ್ಕೆ ಹೊರಟಿಲ್ಲ. ನಾಲ್ಕು ದಿನದಿಂದ ಪಿ.ಜೆ. ಬಡಾವಣೆಯಿಂದ ಸರಸ್ವತಿ ನಗರದವರೆಗೆ ಸಿಕ್ಕವರಿಗೆಲ್ಲ ಸುದ್ದಿ ಹೇಳುತ್ತಿದ್ದೇನೆ, ಒಬ್ಬನಾದರೂ ಬ್ಯಾಡ ಎನ್ನಲಿ ಎಂದು. ಎಲ್ಲರೂ ಹೋಗಿ ಬಾ ಎನ್ನುತ್ತಿದ್ದಾರೆ. ಕೊನೆಗೆ ಆ ಕೆಲಸವನ್ನು ನಾನೇ ವಹಿಸಿಕೊಂಡಿದ್ದೇನೆ. ದಿನಾ ಬೆಳಿಗ್ಗೆ ಹಲ್ಲುಜ್ಜುವಾಗ ಕನ್ನಡಿಯಲ್ಲಿರುವವನಿಗೆ, ಹೋಗಬ್ಯಾಡ, ನಿನ್ನ ಕೈಲಿ ಆಗಲ್ಲ, ಎಂದು ಗಟ್ಟಿಯಾಗಿ ಹೇಳಿ ನೋಡುತ್ತೇನೆ. ಅವನು ಮಾತು ಕೇಳುವ ಪೈಕಿ ಕಾಣಿಸುತ್ತಿಲ್ಲ.